ನರ್ಸಬಾಯಿಯ ಹಿಮ್ಮಡಿ

ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಮುರುಗಲ ಬೀಜದ ತುಪ್ಪ ಉಜ್ಜುವಾಗಲೆಲ್ಲ ಕುಂಬಾರವಾಡದ ದವಾಖಾನೆಯ ಆ ಮಧ್ಯಾಹ್ನ ನೆನಪಾಗಿ ನನಗೆ ನಗು ಬರುತ್ತದೆ.

ಚಿಕ್ಕಂದಿನಲ್ಲಿ ಒಮ್ಮೆ ಬಿದ್ದು ಮೊಣಕಾಲು ತರಚಿಸಿಕೊಂಡಿದ್ದೆ. ಅಜ್ಜಿ ಗಾಯಕ್ಕೆ ಸೊಪ್ಪು ಅರೆದು ಮೆತ್ತಿದ್ದಳು. ನರ್ಸಬಾಯಿ ಅದನ್ನೆಲ್ಲ ತೊಳೆದು, ನನ್ನ ತೋಳಿಗೆ ಸೂಜಿ ಚುಚ್ಚಿ, ಅಜ್ಜಿಯನ್ನು ಗದರಿದರು.

"ಗಾಯಕ್ಕ ತಪ್ಪಲಾ ಮೆತ್ತಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಬೇಕು? ಈ ಗುಳಗಿ ಮೂರು ದಿನ ತಪ್ಪಿಸಬ್ಯಾಡ್ರಿ. ತಪ್ಪಿಸಿದ್ರ ನನ್ನ ಕಡೆ ಬರಬ್ಯಾಡ್ರಿ."

ಅಜ್ಜಿ ತಲೆ ತಗ್ಗಿಸಿ ಹೂಂಗುಟ್ಟಿದಳು. ಅಷ್ಟರಲ್ಲಿ, ದಾರಿಯಲ್ಲಿ ನನ್ನ ಗಾಯಕ್ಕೆ ಹಚ್ಚಲೆಂದು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಮುರುಗಲ ತುಪ್ಪದ ಉಂಡೆ, ಮೇಣದಷ್ಟು ಗಟ್ಟಿಯಾದದ್ದು, ಟಪ್ಪನೆ ನೆಲಕ್ಕೆ ಬಿತ್ತು. ಇನ್ನೊಂದು ಸುತ್ತು ಬೈಗುಳ ಬಂತೆಂದು ನಾನು ಕಣ್ಣು ಮುಚ್ಚಿದೆ.

ನರ್ಸಬಾಯಿ ಅದನ್ನೆತ್ತಿ ಮೂಸಿದರು. ಬಾಗಿಲತ್ತ ಒಮ್ಮೆ ನೋಡಿ, ಮೆಲ್ಲಗೆ ಚಪ್ಪಲಿ ಕಳಚಿದರು. ಹಳ್ಳಿ ಹಳ್ಳಿ ನಡೆದ ಅವರ ಹಿಮ್ಮಡಿ ಬೇಸಿಗೆಯ ಗದ್ದೆಯಂತೆ ಬಿರಿದಿತ್ತು.

"ಅಜ್ಜೀ, ಇದಕ್ಕ ನಡೀತೈತೇನು?"

ಅಜ್ಜಿ ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಂತಳು. "ನಡೀತೈತಿ. ಆದ್ರ ಮೂರು ದಿನ ತಪ್ಪಿಸಬ್ಯಾಡ್ರಿ. ತಪ್ಪಿಸಿದ್ರ ನನ್ನ ಕಡೆ ಬರಬ್ಯಾಡ್ರಿ."

ನರ್ಸಬಾಯಿ ತಲೆ ತಗ್ಗಿಸಿ ಹೂಂಗುಟ್ಟಿದರು.

ನನ್ನ ತೋಳು ಇನ್ನೂ ಉರಿಯುತ್ತಿತ್ತು. "ಅಜ್ಜೀ," ಎಂದು ಕೇಳಿದೆ, "ನರ್ಸಬಾಯಾರಿಗೆ ಸೂಜಿ ಮಾಡೂದಿಲ್ಲೇನು?"