ಕೊನೇ ದೃಶ್ಯದ ಅಪ್ಪ

"ಒಂದು ಕೆಲಸ ಮಾಡೋಣ ಕಣ್ರಪ್ಪಾ. ಕೊನೇ ದೃಶ್ಯದಲ್ಲಿ ಎಲ್ಲಾ ಸಾಲಾಗಿ ನಿಂತ್ಕೊಂಡು ಕೆಮ್ಮೋಣ. ಈ ಮಹಾಶಯನ ತಲೇಲಿ ಇನ್ನು ಉಳಿದಿರೋದು ಅಷ್ಟೇ, ಕಫ!"

ಹಳೇ ಟೈರುಗಳ ಗೋದಾಮಿನಲ್ಲಿ ನಾಟಕದ ತಾಲೀಮಿಗೆ ಸೇರಿದ್ದವರೆಲ್ಲ ಗೊಳ್ಳೆಂದು ನಕ್ಕರು. ಹೇಳಿದವನು ಹಗಲು ಬಸ್ ಕಂಡಕ್ಟರ್, ಸಂಜೆ ನಿರ್ದೇಶಕ. ಕೂಗಿ ಕೂಗಿ ಪಳಗಿದ ಗಂಟಲು, ಅವನ ಪಿಸುಮಾತೂ ಬೀದಿಗೆ ಕೇಳುತ್ತಿತ್ತು. ಅನ್ನಿಸಿಕೊಂಡವನು ವೆಲ್ಡರ್. ತಂಡದ ನಾಟಕಗಳನ್ನೆಲ್ಲ ಬರೆದುಕೊಟ್ಟವನು ಅವನೇ. ಮನೆ ಬಿಟ್ಟು ಓಡಿಹೋದ ಮಗನ ಈ ನಾಟಕವನ್ನೂ ಹುಚ್ಚು ಹಿಡಿದವನಂತೆ ಬರೆದಿದ್ದ, ಮಗ ವಾಪಸು ಬಂದು ಬಾಗಿಲು ತಟ್ಟುವವರೆಗೆ. ಅಷ್ಟರಲ್ಲಿ ವೆಲ್ಡರನ ಸ್ವಂತ ಅಪ್ಪ ತೀರಿಕೊಂಡ. ಬಾಗಿಲು ತೆಗೆದ ಅಪ್ಪ ಏನನ್ನುತ್ತಾನೆ ಎಂಬಲ್ಲಿಗೆ ಬಂದು ಪೆನ್ನು ಕೆಸರಿಗೆ ಇಳಿದ ಚಕ್ರದಂತೆ ಹೂತುಹೋಗಿತ್ತು. ಅದೊಂದೇ ಅಲ್ಲ, ಆಮೇಲೆ ಒಂದಕ್ಷರವೂ ಹೊರಟಿರಲಿಲ್ಲ.

"ನಿನ್ನ ದಾರಿ ಕಾಯ್ತಾ ಕೂರೋಕೆ ನಮಗೇನು ಬೇರೆ ಕಸುಬಿಲ್ವಾ?" ಎಂದ ಕಂಡಕ್ಟರ್. "ಟೈಲರಣ್ಣನೇ ಒಂದು ಮಾತು ಕಟ್ಕೊಂಡು ಬಂದಿದಾನೆ. ನೋಡಿ ಕಲಿ. ಹೂಂ ಟೈಲರಣ್ಣ, ಶುರು ಹಚ್ಕೋ."

ಅಪ್ಪನ ಪಾತ್ರ ಟೈಲರನದು. ಕೊರಳಿನ ಟೇಪು ತೆಗೆದು ಟೈರಿನ ಮೇಲಿಟ್ಟು, ಇಲ್ಲದ ಬಾಗಿಲನ್ನು ತೆಗೆದ. "ಬಂದೆಯಾ ಕಂದಾ! ಈ ಮುದಿ ಜೀವ ಹಿಡಿದುಕೊಂಡಿದ್ದೇ ನಿನ್ನ ಮುಖ ನೋಡಲೆಂದು!" ಎಂದು ಮಗನ ಪಾತ್ರದವನನ್ನು ಬಾಚಿ ತಬ್ಬಿಕೊಂಡ. ಯಾರೋ ಶಿಳ್ಳೆ ಹೊಡೆದರು.

ವೆಲ್ಡರನ ಮೈ ಉರಿದುಹೋಯಿತು. ಮಾತು ಕೆಟ್ಟದಾಗಿತ್ತೆಂದಲ್ಲ. ಪೆನ್ನು ಪೂರಾ ನಿಲ್ಲುವ ಮೊದಲು ಅವನು ಬರೆದು ಬರೆದು ಹರಿದೆಸೆದದ್ದೂ ಇದೇ ಅಪ್ಪುಗೆ, ಇದೇ ಕಣ್ಣೀರು, ಹೆಚ್ಚುಕಡಿಮೆ ಇದೇ ಮಾತು. ಇನ್ನೊಬ್ಬನ ಬಾಯಲ್ಲಿ ಕೇಳಿದ ಮೇಲೆ ಅದೆಂಥ ಹಸಿ ಸುಳ್ಳೆಂದು ಗೊತ್ತಾಯಿತು.

"ಅಪ್ಪ ಹಾಗನ್ನಲ್ಲ" ಎಂದ.

"ಓಹೋ, ಸಾಹಿತಿಗಳು ಬಾಯಿ ಬಿಟ್ರು! ಮತ್ತೇನಂತಾನಪ್ಪಾ?"

ಟೈಲರ್ ಪಾಪದವನು. ಹತ್ತಿರ ಬಂದು ಭುಜ ತಟ್ಟಿದ. "ಯಾರಪ್ಪ ಆದ್ರೂ ಹಾಗೇ ಅಲ್ವೇನೋ ಅನ್ನೋದು? ಕೊನೇ ಸಲ ನೋಡೋಕೆ ಹೋದಾಗ ನಿಮ್ಮಪ್ಪನೂ ಹಾಗೇ ಅಂದಿರ್ತಾರೆ ಬಿಡು."

ಕೊನೇ ಸಲ, ಮನೆ ಬಿಟ್ಟು ಹೋದ ಎಷ್ಟೋ ವರ್ಷಗಳ ಮೇಲೆ, ಆಸ್ಪತ್ರೆಯ ವಾರ್ಡಿನಲ್ಲಿ. ಇವನು ಒಳಗೆ ಕಾಲಿಟ್ಟಾಗ ಅಪ್ಪ ಕಿಟಕಿ ಮುಚ್ಚುವ ವಿಚಾರಕ್ಕೆ ಪಕ್ಕದ ಮಂಚದವನ ಜೊತೆ ಜಗಳ ಕಾಯುತ್ತಿದ್ದ. ಬುದ್ಧಿ ಅಷ್ಟು ನೆಟ್ಟಗಿತ್ತು. ಇವನನ್ನು ಕಂಡ. ಮೇಲಿಂದ ಕೆಳಗೆ ನೋಡಿದ. ಆಮೇಲೆ ಅಕ್ಕನ ಕಡೆ ತಿರುಗಿ, "ಬಂದಿರೋರಿಗೆ ಕುರ್ಚಿ ಹಾಕಮ್ಮಾ, ದೂರದಿಂದ ಬಂದಿದಾರೆ" ಎಂದು ಕಣ್ಣು ಮುಚ್ಚಿಕೊಂಡ. "ಗುರುತು ಸಿಗ್ಲಿಲ್ಲ ಕಣೋ ಅಪ್ಪಂಗೆ, ಮನಸ್ಸಿಗೆ ಹಚ್ಕೋಬೇಡ" ಎಂದು ಅಕ್ಕ ಹೊರಗೆ ಬಂದು ಅತ್ತಳು. ಇವನು ಹೂಂ ಎಂದಿದ್ದ. ಮನೆಯವರೆಲ್ಲ ಆ ಹೂಂ ನಂಬಿಕೊಂಡೇ ಅನ್ನ ತಿನ್ನುತ್ತಿದ್ದರು. ಬರೆಯುವ ಕೈ ಮಾತ್ರ ನಂಬಿರಲಿಲ್ಲ.

ಈಗ ನಾಟಕದ ಕೊನೇ ದೃಶ್ಯ ಕಣ್ಣೆದುರು ನಿಂತುಬಿಟ್ಟಿತು. ಬಾಗಿಲು ತೆಗೆಯುವುದು, ನೋಡುವುದು, ಕುರ್ಚಿ ಹಾಕಿಸುವುದು. ಅಷ್ಟೇ; ಇನ್ನೊಂದು ಮಾತು ಸೇರಿಸಿದರೂ ಕೆಟ್ಟಿತು. ಇಷ್ಟು ಕಾಲ ಸತ್ತಂತೆ ಬಿದ್ದಿದ್ದ ಬೆರಳುಗಳು ಜೇಬಿನೊಳಗೆ ಚುರುಗುಟ್ಟತೊಡಗಿದವು. ಆದರೆ ನಾಟಕದ ದಿನ ಅಕ್ಕ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಅವಳಿಗೂ ಅವತ್ತೇ ಗೊತ್ತಾಗುತ್ತದೆ, ಅಪ್ಪನಿಗೆ ಗುರುತು ಚೆನ್ನಾಗಿಯೇ ಸಿಕ್ಕಿತ್ತೆಂದು.

ಅವನು ಟೈರಿನಿಂದ ಎದ್ದು ಬಾಗಿಲ ಕಡೆ ನಡೆದ.

"ನೋಡ್ರೋ, ಬಾಲ ಮುದುರ್ಕೊಂಡು ಹೊರಟ!" ಕಂಡಕ್ಟರ್ ಕೂಗಿದ. ಯಾರೂ ನಗಲಿಲ್ಲ. ವೆಲ್ಡರ್ ತಿರುಗಲೂ ಇಲ್ಲ. ಕಂಡಕ್ಟರನ ದನಿ ಒಂದು ಮೆಟ್ಟಿಲು ಇಳಿಯಿತು.

"ಲೋ, ಅಪ್ಪ ಅಳ್ತಾನೋ ಇಲ್ವೋ, ಅದನ್ನಾದ್ರೂ ಹೇಳಿ ಹೋಗೋ!"

ಅವನು ಚುರುಗುಟ್ಟುವ ಬೆರಳುಗಳನ್ನು ಜೇಬಿನಲ್ಲೇ ಮಡಚಿ ಹಿಡಿದು, ಹಲ್ಲು ಕಚ್ಚಿಕೊಂಡು ರಸ್ತೆ ದಾಟಿದ.