ಒಂದು ಹಿಡಿ ಕೊಸರು

ಏರಿಯ ಮೇಲೆ ಅಂಬರೀಶನ ಬೈಕು ಕಂಡಿದ್ದೇ ತಡ, ಮುನಿತಾಯಮ್ಮ ಕಾಲೆಳೆಯುತ್ತ ಕೆರೆಯ ನೀರಿನಿಂದ ಮೇಲೆ ಬಂದಳು. ಕೈಯಲ್ಲಿದ್ದ ಹೊನಗೊನೆ ಸೊಪ್ಪನ್ನು ಲಗುಬಗೆಯಿಂದ ಎರಡು ಕಟ್ಟು ಮಾಡಿ, ಮೇಲೊಂದು ಹಿಡಿ ಕೊಸರು ಇಟ್ಟಳು. ಹದಿನೈದು ದಿನಕ್ಕೊಮ್ಮೆ ಬರುವ ಒಬ್ಬನೇ ಒಬ್ಬ ಗಿರಾಕಿ. ಅವನಿಗೆ ಕೊಸರು ಕೊಡದೆ ಇನ್ಯಾರಿಗೆ ಕೊಡಬೇಕು?

"ಇವತ್ತು ಬೇಡಮ್ಮ," ಎಂದ ಅಂಬರೀಶ, ಬೈಕಿನಿಂದ ಇಳಿಯದೆಯೇ. "ರಿಪೋರ್ಟ್ ಬಂತು."

ಗಿರಾಕಿ ಎಂದು ಅವಳು ಅಂದುಕೊಂಡಿದ್ದಷ್ಟೇ. ಅವನು ಸೊಪ್ಪು ಪರೀಕ್ಷೆಗೆ ಒಯ್ಯುತ್ತಿದ್ದ ಬೆಂಗಳೂರಿನ ಯಾವುದೋ ಲ್ಯಾಬಿನವನು. ಹೋದ ಆಷಾಢದಲ್ಲಿ ಫ್ಯಾಕ್ಟರಿಯ ಹಳೇ ಆಯಿಲ್ ತುಂಬಿಕೊಂಡು ತೂಬಗೆರೆ ಕಡೆ ಹೊರಟಿದ್ದ ಟ್ಯಾಂಕರ್ ಈ ಕೆರೆಗೆ ಮಗುಚಿಕೊಂಡಿತ್ತು. ಮೇಲಿನ ಜಿಡ್ಡು ತೆಗೆಸಿದರು, ನೀರು ತಿಳಿಯಾಯಿತು, ಜೊಂಡು ಮತ್ತೆ ಚಿಗುರಿತು. ಆದರೆ ಈ ಕೆರೆಯ ಸೊಪ್ಪೆಂದರೆ ಪೇಟೆಯಲ್ಲಿ ಮೂಗು ಮುರಿಯತೊಡಗಿದರು. ಜೊತೆಯಲ್ಲಿ ಸೊಪ್ಪು ಕೀಳುತ್ತಿದ್ದ ಹೆಂಗಸರೆಲ್ಲ ಗಾರ್ಮೆಂಟ್ಸ್ ಬಸ್ಸು ಹತ್ತಿಬಿಟ್ಟರು. ಮುನಿತಾಯಮ್ಮನೂ ಹೋಗಿದ್ದಳು, ಅವಳ ಮೊಣಕಾಲು ನೋಡಿ ಅಲ್ಲಿಯವರು ಬೇಡವೆಂದರು. ಗಂಡನಿಲ್ಲ, ಮಕ್ಕಳು ಮೊದಲೇ ಇಲ್ಲ. ರೇಷನ್ ಅಕ್ಕಿ, ವಿಧವಾ ಪಿಂಚಣಿಯಲ್ಲಿ ಹೊಟ್ಟೆ ಹೇಗೋ ನಡೆಯುತ್ತಿತ್ತು. ಮಾತಿಗೆ ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಬಂದವನು ಈ ಅಂಬರೀಶ. ಸೊಪ್ಪನ್ನು ಕವರಿಗೆ ಹಾಕಿ ನಂಬರು ಬರೆಯುತ್ತಿದ್ದ. "ಕೊಸರು ಬೇಡಮ್ಮ, ಎರಡು ಕಟ್ಟು ಸಾಕು," ಎಂದರೆ ಅವಳು ಕೇಳಬೇಕಲ್ಲ! ಕೊಸರಿಲ್ಲದ ವ್ಯಾಪಾರ ಯಾವ ಸೀಮೆ ವ್ಯಾಪಾರ? ಆಮೇಲೆ ಕಲ್ಲಿನ ಮೇಲೆ ಕೂತು ಫಾರಂ ತೆಗೆಯುತ್ತಿದ್ದ. ಊಟ ಸೇರುತ್ತಾ? ಕೈ ನಡುಗುತ್ತಾ? ನಿದ್ದೆ ಬರುತ್ತಾ? ಅಯ್ಯೋ ಶಿವನೇ, ನಿದ್ದೆ ಬರುತ್ತಾ ಎಂದು ಅವಳನ್ನು ಈ ಜನ್ಮದಲ್ಲಿ ಯಾರು ಕೇಳಿದ್ದರು! ಅವನಿಗೆ ಬೇಕಿದ್ದದ್ದು ಹೌದು, ಇಲ್ಲ, ಅಷ್ಟೇ. ಅವಳು ಸತ್ತ ಗಂಡನ ಗೊರಕೆಯಿಂದ ಶುರುಮಾಡುತ್ತಿದ್ದಳು. ಪಾಪ, ಅವನೂ ಪೆನ್ನು ಹಿಡಿದುಕೊಂಡು ಕೇಳುತ್ತಿದ್ದ.

"ಸೊಪ್ಪಲ್ಲಿ ಸೀಸ ಇದೆಯಮ್ಮ," ಎಂದ ಈಗ. "ಹಳೇ ಬ್ಯಾಟರೀಲಿ ಇರುತ್ತಲ್ಲ, ಅದು. ಆಯಿಲ್ ಜೊತೆ ಕೆಸರಿಗೆ ಇಳ್ದಿದೆ, ಬೇರಿಂದ ಎಲೆಗೆ ಬಂದಿದೆ. ಯಾರಿಗೂ ಕೊಡ್ಬೇಡಿ, ನೀವೂ ತಿನ್ಬೇಡಿ."

"ಚೆನ್ನಾಗಿ ತೊಳೆದ್ರೆ ಹೋಗಲ್ವಾ?"

"ಬೇಯಿಸಿದ್ರೂ ಹೋಗಲ್ಲ."

"ಹಾಳಾಗ್ಹೋಗ್ಲಿ ಬಿಡಪ್ಪ, ತಿನ್ನಲ್ಲ," ಎಂದಳು. "ಅದ್ಸರಿ, ಇವತ್ತು ನಿದ್ದೆ ವಿಚಾರ ಕೇಳ್ಲೇ ಇಲ್ಲ ನೀನು?"

ಅಂಬರೀಶ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ. "ಫಾರಂ ಎಲ್ಲಾ ಆಫೀಸಿಗೆ ಕೊಟ್ಬಿಟ್ಟೆ ಕಣಮ್ಮ. ಇಲ್ಲಿ ಕೆಲಸ ಮುಗೀತು. ಇನ್ನು ಪಂಚಾಯ್ತಿಯೋರು ಬೋರ್ಡ್ ಹಾಕ್ತಾರೆ."

"ಅಂದ್ರೆ ಇನ್ಮೇಲೆ ಬರಲ್ವಾ?"

"ಇಲ್ಲಮ್ಮ. ಆರೋಗ್ಯ ನೋಡ್ಕೊಳ್ಳಿ."

ಮುನಿತಾಯಮ್ಮನಿಗೆ ಸೀಸ, ಬ್ಯಾಟರಿ ಎಲ್ಲ ಮರೆತೇಹೋಯಿತು. ಇನ್ನು ಈ ಏರಿಯ ಮೇಲೆ ಅವಳಿಗೆಂದು ಯಾರೂ ಗಾಡಿ ನಿಲ್ಲಿಸುವುದಿಲ್ಲ.

ಬೈಕು ಹೊರಟಿತು. "ಏ, ನಿಂತ್ಕೊಳಪ್ಪ!" ಎಂದು ಕೂಗುತ್ತ, ಬಾರದ ಕಾಲಿನಲ್ಲೇ ಏರಿ ಹತ್ತಿ ಓಡಿದಳು. ಅವನು ಗಾಬರಿಯಾಗಿ ಬ್ರೇಕ್ ಹಾಕಿದ. ಏದುಸಿರು ಬಿಡುತ್ತ ಬಂದವಳೇ ಎರಡು ಕಟ್ಟನ್ನೂ ಅವನ ಬ್ಯಾಗಿಗೆ ತುರುಕಿದಳು, ಮೇಲೆ ಕೊಸರನ್ನೂ ಇಟ್ಟಳು.

"ಹೇಳಿದ್ನಲ್ಲಮ್ಮ, ಇದರಲ್ಲಿ ವಿಷ ಇದೆ ಅಂತ!"

"ಇನ್ನೊಂದ್ಸಲ ನೋಡ್ಸಪ್ಪ," ಎಂದಳು ಅವನ ಮುಖವನ್ನೇ ನೋಡುತ್ತ. "ವಿಷ ಜಾಸ್ತಿ ಆಗಿದ್ರೆ ಮತ್ತೆ ಬರ್ತೀಯ, ಅಲ್ವಾ?"