ಏಳನೆಯ ತಿಂಗಳ ಬಯಕೆ

ಗರ್ಭಿಣಿಯ ಬಯಕೆಯನ್ನು ಪೂರೈಸದಿರುವುದು ಮಹಾದೋಷವೆಂದು ಶಾಸ್ತ್ರಿಗಳು ಊರಿಗೆಲ್ಲ ಬೋಧಿಸುತ್ತಿದ್ದರು. ಏಳು ತಿಂಗಳ ಬಸುರಿಯಾದ ಅವರ ಪತ್ನಿ ಮಾತ್ರ ನಿತ್ಯವೂ ನಸುಕಿನಲ್ಲೇ ಎದ್ದು, ಸೊಂಟ ಹಿಡಿದುಕೊಂಡು ಒಲೆ ಹಚ್ಚುತ್ತಿದ್ದಳು.

"ನಿನ್ನ ಬಯಕೆ ಏನು? ಸಂಕೋಚ ಬೇಡ, ಹೇಳು," ಎಂದರು ಒಂದು ದಿನ.

"ಬೆಳಕು ಹರಿಯೋವರೆಗೂ ಮಲಗಿರಬೇಕು ರೀ. ಎದ್ದಾಗ ನಿಮ್ಮ ಕೈಯಾರೆ ಮಾಡಿದ ಕಾಫಿ ಬೇಕು."

ಶಾಸ್ತ್ರಿಗಳು ಬೆವರಿದರು. "ನಾನು ಒಲೆ ಮುಂದೆ ನಿಂತರೆ ಅಮ್ಮ ಏನಂತಾಳೋ!"

"ಶಾಸ್ತ್ರ ಹೇಳಿದ್ದು ನೀವೇ ಅಲ್ವಾ?"

ಮರುದಿನ ಅವರು ಹಾಲು ಉಕ್ಕಿಸಿ, ಬೆರಳು ಸುಟ್ಟುಕೊಂಡು ಕಾಫಿ ಬೆರೆಸುತ್ತಿರುವಾಗ ತಾಯಿ ಅಡುಗೆಮನೆಗೆ ಬಂದರು.

"ಅಮ್ಮಾ, ಇದು ಬಸುರಿಯ ಬಯಕೆ..." ಎಂದು ಶಾಸ್ತ್ರಿಗಳು ತೊದಲಿದರು.

ತಾಯಿ ಮಣೆ ಎಳೆದುಕೊಂಡು ಕುಳಿತರು.

"ನಿನ್ನನ್ನ ಹೊತ್ತಾಗ ನಂಗೂ ಇದೇ ಬಯಕೆ ಇತ್ತು ಕಣೋ. ಇನ್ನೂ ತೀರಿಲ್ಲ. ನಂಗೂ ಒಂದು ಲೋಟ ಬೆರೆಸು."